ಗೋಡೆಗಳ ನಡುವೆ ಸೋದರಿಯ ಪಾಲು

1948ರವರೆಗೆ ನವಾಬರ ಆಳ್ವಿಕೆಯಲ್ಲಿದ್ದ ಸವಣೂರಿನ ಜನಸಂಖ್ಯೆ 2001ರಲ್ಲಿ ಸುಮಾರು 35 ಸಾವಿರವಿತ್ತು. 2011ರ ಜನಗಣತಿಯಲ್ಲಿ 40 ಸಾವಿರ ದಾಟಿತು. ಹಳೆಯ ಮೊಹಲ್ಲಾಗಳಲ್ಲಿ ಅಜ್ಜ ಕಟ್ಟಿಸಿದ ಮನೆಯೇ ಮೂರು ಸಂಸಾರಗಳಿಗೆ ಆಸರೆ. ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಹಿತ್ತಲು ಅಡುಗೆಮನೆಯಾಗುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಸೋದರಿಯರ ನೆನಪಾಗುವುದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕಾದಾಗ ಮಾತ್ರ! 'ನಮಗೇ ಜಾಗ ಸಾಲದು' ಎಂಬ ಸಬೂಬು ಸಿದ್ಧವಿರುತ್ತದೆ. ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯದ 7ನೆಯ ಸೂಕ್ತವು, ಆಸ್ತಿ ಅಲ್ಪವಾಗಿದ್ದರೂ ಅಧಿಕವಾಗಿದ್ದರೂ, ಸ್ತ್ರೀಯರಿಗೆ ಪಾಲನ್ನು ಕಡ್ಡಾಯಗೊಳಿಸಿದೆ. ಮದುವೆಗೆ ಮಾಡಿದ ಖರ್ಚು ಅದಕ್ಕೆ ಬದಲಿಯಲ್ಲ. ಕೋಣೆ ಕೊಡಲಾಗದಿದ್ದರೆ ಮನೆಗೆ ಬೆಲೆ ಕಟ್ಟಿ, ಆಕೆಯ ಪಾಲನ್ನು ಕಂತುಗಳಲ್ಲಾದರೂ ಸಲ್ಲಿಸಬಹುದು. ಸವಣೂರಿನಲ್ಲಷ್ಟೇ ಅಲ್ಲ, ಹಾನಗಲ್, ಶಿಗ್ಗಾಂವಿ, ಹಿರೇಕೆರೂರುಗಳಲ್ಲೂ ವಿಭಾಗಪತ್ರ ಬರೆಯುವ ಮುನ್ನ ಜಮಾಅತಿನ ಹಿರಿಯರು ಸೋದರಿಯರನ್ನು ಕರೆಸಿ ಕೇಳುವ ಪರಿಪಾಠ ಆರಂಭಿಸಲಿ.