ಮನೆಯೊಳಗಿನ ಶತ್ರುವಿಗೆ ಯಾವ ಹಾಡು?

"ಏನೇ ಇದು, ಹಾಡೋ ಜಗಳವೋ?" ಎಂದು ಕೇಳಿದಳು ಗೆಳತಿ. "ಜಗಳವೇ ಕಣೇ, ಅದಕ್ಕೇ ಕೇಳು ಅಂದದ್ದು" ಎಂದೆ. ಅವಳಿಗೆ ಈ ಉತ್ತರ ರುಚಿಸಲಿಲ್ಲ. ಸಂಗೀತವೆಂದರೆ ಮನಸ್ಸಿಗೆ ತಂಪೆರೆಯಬೇಕು, ದಿನವಿಡೀ ದುಡಿದು ದಣಿದವರಿಗೆ ಈ ಗದ್ದಲವೇಕೆ ಎಂಬುದು ಅವಳ ವಾದ. ಇದು ಅವಳೊಬ್ಬಳ ವಾದವೇನಲ್ಲ. ರ್‍ಯಾಪ್ ಎಂದೊಡನೆ ದೊಗಲೆ ಪ್ಯಾಂಟು, ಕೊರಳಿಗೆ ದಪ್ಪ ಸರಪಳಿ, ಬಾಯಲ್ಲಿ ಹೆಂಗಸರನ್ನು ಹಗುರಾಗಿಸುವ ಮಾತು, ಇಷ್ಟೇ ನಮ್ಮಲ್ಲಿ ಅನೇಕರ ಕಣ್ಣೆದುರು ಬರುವುದು. ಅಂಥದ್ದು ಬೇಕಾದಷ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ಹೆಂಗಸರನ್ನು ಹಗುರಾಗಿಸುವ ಅದೇ ಮಾತು ಇಂಪಾದ ರಾಗದಲ್ಲಿ ತೇಲಿ ಬಂದರೆ ನಾವು ತಲೆದೂಗುವುದಿಲ್ಲವೇ? ನೀವೇ ಹೇಳಿ, ಎಷ್ಟು ಸಿನಿಮಾ ಹಾಡುಗಳಿಗೆ, ಎಷ್ಟು ಸಂಪ್ರದಾಯದ ಹಾಡುಗಳಿಗೆ ತಲೆದೂಗಿದ್ದೇವೆ!

ನಾನು ಅವಳಿಗೆ ಕೇಳಿಸಿದ್ದು ಲಂಡನ್ನಿನ 'ಏಷ್ಯನ್ ಡಬ್ ಫೌಂಡೇಷನ್' ಎಂಬ ತಂಡದ ಹಾಡು. ಈ ತಂಡ ಹುಟ್ಟಿದ್ದೇ ಒಂದು ತರಗತಿಯಲ್ಲಿ. ಅಲ್ಲಿನ 'ಕಮ್ಯೂನಿಟಿ ಮ್ಯೂಸಿಕ್' ಎಂಬ ಸಂಸ್ಥೆ ಹುಡುಗರಿಗೆ ಸಂಗೀತದ ಯಂತ್ರಗಳನ್ನು ಬಳಸುವುದು ಹೇಗೆಂದು ಕಲಿಸುತ್ತಿತ್ತು. 1993ರಲ್ಲಿ ಅಲ್ಲಿ ಕಲಿಸುತ್ತಿದ್ದ ಅನಿರುದ್ಧ ದಾಸ್, ಅವರ ಜೊತೆಗಿದ್ದ ಜಾನ್ ಪಂಡಿತ್, ಕಲಿಯಲು ಬಂದಿದ್ದ ದೀದರ್ ಜಮಾನ್ ಎಂಬ ಹುಡುಗ, ಮೂವರೂ ಸೇರಿ ತಂಡ ಕಟ್ಟಿದರು. ಬಳಿಕ ಗಿಟಾರಿನ ಸ್ಟೀವ್ ಚಂದ್ರ ಸಾವಲೆ ಮತ್ತು ಸನ್-ಜೆ ಬಂದು ಸೇರಿದರು. ಜಮೈಕಾದ ಡಬ್, ರ್‍ಯಾಪ್, ಪಂಜಾಬಿನ ಢೋಲು, ಬಂಗಾಳದ ನೆನಪು ಎಲ್ಲವೂ ಒಂದೇ ಒಲೆಯ ಮೇಲೆ. ಇವರ ಮೊದಲ ದೊಡ್ಡ ಧ್ವನಿಮುದ್ರಿಕೆ ಬಂದದ್ದು 1995ರಲ್ಲಿ. ಬ್ರಿಟನ್ನಿನ ಜನ ಇವರ ಕಡೆ ಕಿವಿಗೊಡಲು ಇನ್ನೂ ಮೂರು ವರ್ಷ ಬೇಕಾಯಿತು; ಅದಕ್ಕೂ ಮೊದಲೇ ಫ್ರಾನ್ಸಿನವರು ಕೇಳಿ ಮೆಚ್ಚಿದ್ದರು. ಊರಿನವರಿಗೆ ಊರ ದೇವರು ಕಾಣುವುದು ಯಾವಾಗಲೂ ತಡವಾಗಿಯೇ.

1998ರಲ್ಲಿ ಇವರು ಸತ್ಪಾಲ್ ರಾಮ್ ಎಂಬ ಕೈದಿಯ ಬಿಡುಗಡೆಗಾಗಿ ಹಾಡಿದರು. 1986ರಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಬಿಳಿಯರ ಗುಂಪೊಂದು ಅವನ ಮೇಲೆ ಬಿದ್ದಿತ್ತು. ಅವನು ತನ್ನನ್ನು ಕಾಪಾಡಿಕೊಳ್ಳಲು ಚಾಕು ಬೀಸಿದ, ಹಲ್ಲೆಗೆ ಬಂದವರಲ್ಲಿ ಒಬ್ಬ ಸತ್ತ, ಇವನಿಗೆ ಜೀವಾವಧಿ ಶಿಕ್ಷೆಯಾಯಿತು. ಹೊರಬಂದದ್ದು 2002ರಲ್ಲಿ. ಈ ಹಾಡಿನ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಇಂಥ ಹಾಡು ಕಟ್ಟುವುದು ಒಂದು ಲೆಕ್ಕದಲ್ಲಿ ಸುಲಭ. ಇಲ್ಲಿ ಶತ್ರು ಹೊರಗಿನವನು. ಅವನ ಬಣ್ಣ ಬೇರೆ, ಭಾಷೆ ಬೇರೆ. ಬೀದಿಯಲ್ಲಿ ನಿಂತು ಅವನ ವಿರುದ್ಧ ಕೂಗಿದರೆ ಮನೆಮಂದಿಯೆಲ್ಲ ಬೆನ್ನ ಹಿಂದೆ ನಿಲ್ಲುತ್ತಾರೆ, ಅಪ್ಪನೂ, ಚಿಕ್ಕಪ್ಪನೂ, ಮಸೀದಿಯವರೂ, ಗುರುದ್ವಾರದವರೂ.

ಶತ್ರು ಒಳಗಿನವನಾದರೆ?

2003ರಲ್ಲಿ ಈ ತಂಡ 'ಎನಿಮಿ ಆಫ್ ದಿ ಎನಿಮಿ' ಎಂಬ ಧ್ವನಿಮುದ್ರಿಕೆ ತಂದಿತು. ಅದರಲ್ಲಿರುವ 'ಥೌಸಂಡ್ ಮಿರರ್ಸ್' ಎಂಬ ಹಾಡೇ ನಮ್ಮ ಜಗಳದ ಮೂಲ. ಜೂರಾ ಶಾ ಎಂಬ ಹೆಂಗಸಿನ ಕಥೆಯಿಂದ ಹುಟ್ಟಿದ ಹಾಡು ಅದು. ಜೂರಾ ಪಾಕಿಸ್ತಾನದಿಂದ ಮದುವೆಯಾಗಿ ಬ್ರಾಡ್‌ಫರ್ಡಿಗೆ ಬಂದವಳು. ಗಂಡ ಬಿಟ್ಟುಹೋದ. ಕೈಯಲ್ಲಿ ಚಿಕ್ಕ ಮಕ್ಕಳು, ತಲೆಯ ಮೇಲೆ ಸೂರಿಲ್ಲ, ಬಾಯಲ್ಲಿ ಇಂಗ್ಲಿಷಿಲ್ಲ. ಆಗ ಮನೆ ಕೊಡಿಸಿ ಆಸರೆಯಾಗುತ್ತೇನೆಂದು ಬಂದವನು ಮೊಹಮ್ಮದ್ ಅಜಮ್, ಮಾದಕ ವಸ್ತುಗಳ ದಂಧೆಯವನು. ಆ ಮನೆಯೇ ಅವಳಿಗೆ ಬೋನಾಯಿತು. ವರ್ಷಗಟ್ಟಲೆ ಅವಳ ಮೈಯನ್ನು ತಾನು ಬಳಸಿಕೊಂಡದ್ದಲ್ಲದೆ ಬೇರೆಯವರ ಬಳಿಗೂ ತಳ್ಳಲು ನೋಡಿದ. ಅವನ ಕಣ್ಣು ಹೆಣ್ಣುಮಕ್ಕಳ ಮೇಲೂ ಬೀಳುತ್ತದೆಂದು ಅವಳಿಗೆ ದಿಗಿಲಾಯಿತು. 1992ರಲ್ಲಿ ಊಟದಲ್ಲಿ ಪಾಷಾಣ ಬೆರೆಸಿ ಕೊಂದಳು. ಮುಂದಿನ ವರ್ಷ ಜೀವಾವಧಿ ಶಿಕ್ಷೆಯಾಯಿತು. ಕನಿಷ್ಠ 20 ವರ್ಷ ಒಳಗಿರಬೇಕೆಂದರು.

ವಿಚಾರಣೆಯಲ್ಲಿ ಅವಳು ಬಾಯಿಬಿಡಲಿಲ್ಲ. ನಡೆದದ್ದನ್ನು ಹೇಳಿದರೆ ಮಕ್ಕಳ ಮಾನ ಹೋಗುತ್ತದೆ, ನಾಳೆ ಅವರನ್ನು ಯಾರು ಮದುವೆಯಾಗುತ್ತಾರೆ? ಈ ಲೆಕ್ಕ ನಿಮಗೆ ಅರ್ಥವಾಗುತ್ತದೆ, ನನಗೂ ಆಗುತ್ತದೆ, ಇಂಗ್ಲೆಂಡಿನ ನ್ಯಾಯಾಧೀಶರಿಗೆ ಆಗಲಿಲ್ಲ. 1998ರ ಮೇಲ್ಮನವಿಯಲ್ಲಿ ಕೊನೆಗೂ ಎಲ್ಲವನ್ನೂ ಹೇಳಿಕೊಂಡಾಗ ನಂಬಲಿಲ್ಲ. ಇಂಥ ಬದುಕು ಬಾಳಿದವಳಿಗೆ ಕಾಪಾಡಿಕೊಳ್ಳಲು ಮಾನವಾದರೂ ಎಷ್ಟು ಉಳಿದಿತ್ತು ಎಂಬ ಧಾಟಿಯ ಮಾತು ತೀರ್ಪಿನಲ್ಲೇ ಬಂತು. ಓದಿದಾಗ ನನ್ನ ಮೈ ಉರಿಯಿತು. ಹರಟೆ ಕಟ್ಟೆಯಲ್ಲಿ ಆಡುವ ಮಾತನ್ನು ಕಪ್ಪು ಗೌನಿನವರೂ ಆಡುತ್ತಾರಲ್ಲ!

ಈಗ ಇನ್ನೊಬ್ಬಳನ್ನು ಪಕ್ಕದಲ್ಲಿಟ್ಟು ನೋಡಿ. ಕಿರಣ್‌ಜಿತ್ ಅಹ್ಲುವಾಲಿಯಾ ಹೆಸರು ನೀವು ಕೇಳಿರುತ್ತೀರಿ. ಹತ್ತು ವರ್ಷ ಗಂಡನ ಹೊಡೆತ ತಿಂದು 1989ರಲ್ಲಿ ಅವನು ಮಲಗಿದ್ದಾಗ ಪೆಟ್ರೋಲು ಸುರಿದು ಬೆಂಕಿಯಿಟ್ಟವಳು. ಅವಳಿಗೂ ಜೀವಾವಧಿಯಾಗಿತ್ತು, 1992ರಲ್ಲಿ ಬಿಡುಗಡೆಯಾಯಿತು. ಅವಳ ಕಥೆ 2006ರಲ್ಲಿ 'ಪ್ರವೋಕ್ಡ್' ಎಂಬ ಸಿನಿಮಾ ಆಯಿತು, ಐಶ್ವರ್ಯಾ ರೈ ನಟಿಸಿದಳು, ನಾವೆಲ್ಲ ಕಣ್ಣೊರೆಸಿಕೊಂಡೆವು. ಕಿರಣ್‌ಜಿತಳ ನೋವು ಸುಳ್ಳೆನ್ನುತ್ತಿಲ್ಲ, ಖಂಡಿತ ಇಲ್ಲ. ಆದರೆ ಅವಳು ತಾಳಿದವಳು, ಕೈಹಿಡಿದವನ ಜೊತೆ ಬಾಳಲು ಹೆಣಗಿದವಳು, ನಾವು ಅಳಲು ಒಪ್ಪುವಂಥ ಸೊಸೆ. ಜೂರಾ ಹಾಗಲ್ಲ. ಕೊಂದದ್ದು ಗಂಡನನ್ನಲ್ಲ, ಇಟ್ಟುಕೊಂಡವನನ್ನು ಎಂದುಬಿಟ್ಟರೆ ಮುಗಿಯಿತು. ಅವಳಿಗೆ ಐಶ್ವರ್ಯಾ ರೈ ಸಿಗಲಿಲ್ಲ. ಸಿಕ್ಕಿದ್ದು ಈ ಗದ್ದಲದ ಹಾಡು.

ಹಾಡಿದವಳು ಯಾರೆಂಬುದನ್ನೂ ನೋಡಿ. ಐರ್ಲೆಂಡಿನ ಶಿನೇಡ್ ಓಕಾನರ್. ಈಗಿನ ದಿನಗಳಲ್ಲಿ 'ಕೊಲಾಬರೇಷನ್' ಎಂಬುದು ಸಂತೆ ವ್ಯಾಪಾರದಂತಾಗಿದೆ: ನಿನ್ನ ಅಭಿಮಾನಿಗಳು ನನಗೆ, ನನ್ನವರು ನಿನಗೆ, ನಡುವೆ ಕಂಪನಿಗೆ ದುಡ್ಡು. ಇಲ್ಲಿ ಆ ಲೆಕ್ಕಾಚಾರ ನನಗೆ ಕಾಣುವುದಿಲ್ಲ. 1992ರಲ್ಲಿ, ಕಿರಣ್‌ಜಿತ್ ಹೊರಬಂದ ಅದೇ ವರ್ಷ, ಈ ಶಿನೇಡ್ ಅಮೆರಿಕದ ಟಿವಿಯಲ್ಲಿ ಪೋಪರ ಚಿತ್ರವನ್ನು ಹರಿದಳು. ಚರ್ಚಿನೊಳಗೆ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನು ಹೇಳಬೇಕಾಗಿತ್ತು ಅವಳಿಗೆ. ಮುಂದೆ ಸಭೆಯಲ್ಲಿ ಜನ ಕೂಗಿ ಹೀಗಳೆದರು, ಹುಚ್ಚಿ ಎಂದರು. ಅವಳು ಹೇಳಿದ್ದು ನಿಜವೆಂದು ಲೋಕ ಒಪ್ಪುವಷ್ಟರಲ್ಲಿ ವರ್ಷಗಳು ಕಳೆದಿದ್ದವು. 2023ರಲ್ಲಿ ತೀರಿಕೊಂಡಾಗ ಹೊಗಳಿದವರೇ ಹೊಗಳಿದವರು! ತನ್ನ ಮನೆಯೊಳಗಿನ ಶತ್ರುವನ್ನು ಹೆಸರಿಡಿದು ಕರೆದು ಬೆಲೆ ತೆತ್ತವಳು ಮಾತ್ರ ಜೂರಾಳ ಹಾಡಿಗೆ ದನಿ ಕೊಡಬಲ್ಲಳು. ಆ ಹಾಡು ಬಂದಾಗ ಜೂರಾ ಇನ್ನೂ ಜೈಲಿನಲ್ಲಿದ್ದಳು.

ನನ್ನ ತಕರಾರುಗಳೂ ಇವೆ. ತಂಡ ಕಟ್ಟಿದ ಆ ಐವರೂ ಗಂಡಸರು. ಹೆಂಗಸಿನ ಸಂಕಟ ಹಾಡಬೇಕಾದಾಗ ದನಿಯನ್ನು ಹೊರಗಿನಿಂದ ಕಡ ತರಬೇಕಾಯಿತು. ಸೌತಾಲ್‌ನಲ್ಲೋ ಬ್ರಾಡ್‌ಫರ್ಡಿನಲ್ಲೋ ಹಾಡಬಲ್ಲ ಒಬ್ಬ ಪಂಜಾಬಿ, ಒಬ್ಬ ಮೀರ್‌ಪುರಿ ಹುಡುಗಿ ಇರಲಿಲ್ಲವೇ? ಇದ್ದಿರಲೇಬೇಕು. ಸಂಜೆ ಯಂತ್ರಗಳ ತರಗತಿಗೆ ಹೋಗಿಬರುತ್ತೇನೆಂದು ಆ ಹುಡುಗಿ ಕೇಳಿದ್ದರೆ ಅವಳ ಮನೆಯಲ್ಲಿ ಏನೆನ್ನುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಈ ಗಂಡಸರು ಮಾಡಿದ್ದನ್ನು ಸಣ್ಣದೆನ್ನಲಾರೆ. ವರ್ಣಭೇದದ ವಿರುದ್ಧ ಹಾಡಿ ಹೆಸರಾದವರು ಇವರು. ಜಾನ್ ಪಂಡಿತ್ ರಾಣಿಯ ಸರಕಾರ ಕೊಡಲು ಬಂದ ಎಂ.ಬಿ.ಇ. ಬಿರುದನ್ನೇ ಬೇಡವೆಂದವನು. ಇಂಥವರಿಗೆ ಅಲ್ಲಿನ ಸಮಾಜದ ಹಿರಿಯರು ಹೇಳುವ ಬುದ್ಧಿಮಾತು ಒಂದೇ: 'ಬಿಳಿಯರು ನೋಡುತ್ತಿದ್ದಾರೆ, ನಮ್ಮ ಮನೆಯ ಕೊಳೆಬಟ್ಟೆಯನ್ನು ಬೀದಿಯಲ್ಲಿ ಒಗೆಯಬೇಡಿ.' ಮೊದಲು ಹೊರಗಿನ ಜಗಳ ಗೆಲ್ಲೋಣ, ಹೆಂಗಸರ ವಿಷಯ ಆಮೇಲೆ ನೋಡೋಣ ಎನ್ನುವ ಮಾತು ಬ್ರಿಟನ್ನಿನದು ಮಾತ್ರವೇ? ಆ 'ಆಮೇಲೆ' ಯಾವ ಊರಿನಲ್ಲಿ ಬಂದಿದೆ, ಯಾರಾದರೂ ತೋರಿಸಿಕೊಡಿ. ಸತ್ಪಾಲ್‌ಗಾಗಿ ಹಾಡಿದ ಬಾಯಲ್ಲೇ ಜೂರಾಳಿಗಾಗಿಯೂ ಹಾಡಿದರಲ್ಲ, ನನ್ನ ಮೆಚ್ಚುಗೆ ಅದಕ್ಕೆ.

ಹಾಡಿನಿಂದ ಜೈಲಿನ ಬಾಗಿಲು ತೆರೆಯಿತೆಂದು ಯಾರೂ ತಿಳಿಯಬೇಡಿ. ಆ ಕೆಲಸ ಮಾಡಿದವರು ಬೇರೆ. 1979ರಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಹುಟ್ಟಿದ 'ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್' ಎಂಬ ಹೆಂಗಸರ ಸಂಘ. ಕಿರಣ್‌ಜಿತಳ ಬೆನ್ನಿಗೆ ನಿಂತವರೂ ಅವರೇ, ಜೂರಾಳ ಬೆನ್ನಿಗೆ ನಿಂತವರೂ ಅವರೇ. ಯಾರು ಒಳ್ಳೆಯ ಸೊಸೆ, ಯಾರು ಅಲ್ಲ ಎಂದು ತೂಕ ಹಾಕಲಿಲ್ಲ. ಅವರ ಮತ್ತು ಜೂರಾಳ ಮಗಳ ಹೋರಾಟದಿಂದ 2000ದಲ್ಲಿ ಅವಳ 20 ವರ್ಷ 12ಕ್ಕೆ ಇಳಿಯಿತು. ಕೆರಳಿಸಿದ ಕೂಡಲೇ ಕೊಂದರೆ ಮಾತ್ರ ವಿನಾಯಿತಿ ಎನ್ನುತ್ತಿತ್ತು ಹಳೆಯ ಕಾನೂನು. ಮೈಬಲವಿರುವ ಗಂಡಸಿಗೆ ಹೊಲಿಸಿದ ಅಂಗಿ ಅದು. ವರ್ಷಗಟ್ಟಲೆ ಬೆಂದವಳ ಸಿಟ್ಟು ಆ ಗಳಿಗೆಯಲ್ಲೇ ಸಿಡಿಯುವುದಿಲ್ಲ ಎಂಬುದನ್ನು ಅಲ್ಲಿನ ಸಂಸತ್ತು ಒಪ್ಪಿ, ಸಿಟ್ಟು ದಿಢೀರನೆ ಬಂದಿರಲೇಬೇಕೆಂಬ ನಿಯಮ ತೆಗೆದದ್ದು 2009ರ ಕಾಯಿದೆಯಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 2008ರಲ್ಲಿ, ಈ ಸಂಘಕ್ಕೇ ಸಂಚಕಾರ ಬಂದಿತ್ತು. ಕರಿಯ ಮತ್ತು ಏಷ್ಯಾದ ಹೆಂಗಸರಿಗೆಂದೇ ಪ್ರತ್ಯೇಕ ಸೇವೆಯೇಕೆ, ಎಲ್ಲರಿಗೂ ಒಂದೇ ಇರಲಿ ಎಂದು ಈಲಿಂಗ್ ನಗರಸಭೆ ಅನುದಾನ ನಿಲ್ಲಿಸಲು ಹೊರಟಿತು. ಸಮಾನತೆಯ ಹೆಸರಿನಲ್ಲೇ! ಹೆಂಗಸರು ಸುಮ್ಮನೆ ಕೂರಲಿಲ್ಲ, ಹೈಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ನಗರಸಭೆ ಹಿಂದೆ ಸರಿಯಿತು. ಸಂಘ ಇಂದಿಗೂ ಸೌತಾಲ್‌ನಲ್ಲಿ ಬಾಗಿಲು ತೆರೆದುಕೊಂಡು ಕುಳಿತಿದೆ.