ಕಡಲ ಮೇಲಿನ ಊಟ, ಕಡಲ ಮೇಲಿನ ವಿರಾಮ



ಬೆಳಗಾವಿ ಕಡೆಯ ತಾಯಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗ ಮತ್ತು ಸೊಸೆ ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ವಿಹಾರ ನೌಕೆಯಲ್ಲಿ ತಂದೆತಾಯಿಗಳಿಗೂ ಸ್ಥಳ ಕಾದಿರಿಸಿದ್ದಾರಂತೆ. ತಾಯಿಯವರ ಸಂದೇಹಗಳು ಮೂರು. ನೀರಿನ ಮೇಲೆ ತೇಲುವ ಹಡಗಿನಲ್ಲಿ ಲಿಂಗಪೂಜೆ ಸಾಂಗವಾಗಿ ನಡೆದೀತೆ? ಎಲ್ಲ ಬಗೆಯ ಅಡಿಗೆ ಬೇಯುವ ಪಾಕಶಾಲೆಯ ಅನ್ನವನ್ನು ಪ್ರಸಾದವೆಂದು ಸ್ವೀಕರಿಸಬಹುದೆ? ಉಣ್ಣುವುದು, ಕೂಡುವುದು, ಮಲಗುವುದು ಇಷ್ಟರಲ್ಲೇ ಕಳೆಯುವ ದಿನವು ಕಾಯಕ ತತ್ತ್ವಕ್ಕೆ ವಿರೋಧವಲ್ಲವೆ? “ಬರುವುದಿಲ್ಲವೆಂದರೆ ಮಗ ನೊಂದುಕೊಳ್ಳುತ್ತಾನೆ, ಹೋದರೆ ನನ್ನ ಮನಸ್ಸು ನೋಯುತ್ತದೆ” ಎಂದು ಅವರು ಬರೆದಿದ್ದಾರೆ. ಇಂದು ಇಂಥ ಪ್ರವಾಸ ಅನೇಕ ಮನೆಗಳಿಗೆ ಎಟಕುವಂತಾಗಿರುವುದರಿಂದ ಈ ಸಂದೇಹ ಅವರೊಬ್ಬರದಲ್ಲ. ಆದುದರಿಂದ ಉತ್ತರವನ್ನು ಎಲ್ಲರಿಗೂ ಸಲ್ಲುವಂತೆ ಬರೆಯುತ್ತಿದ್ದೇನೆ.

ಮೊದಲು ಈ ನೌಕೆಗಳ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಹಿಂದೆ ಹಡಗು ಊರು ಸೇರಿಸುವ ಸಾಧನವಾಗಿತ್ತು. ೧೮೯೧ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಎಂಬ ಹಡಗು ವ್ಯವಹಾರಸ್ಥನು ‘ಆಗುಸ್ಟಾ ವಿಕ್ಟೋರಿಯಾ’ ಎಂಬ ನೌಕೆಯನ್ನು ಚಳಿಗಾಲದಲ್ಲಿ ಸುಮ್ಮನೆ ನಿಲ್ಲಿಸುವ ಬದಲು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿದನು. ವಿಹಾರಕ್ಕೆಂದೇ ಮಾಡಿದ ಹಡಗು ೧೯೦೦ರಲ್ಲಿ ನೀರಿಗಿಳಿಯಿತು. ೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಕೆಲವೇ ಗಂಟೆಗಳಲ್ಲಿ ದಾಟತೊಡಗಿದ ಮೇಲೆ ಊರು ಸೇರಲು ಹಡಗು ಹತ್ತುವವರು ಕಡಿಮೆಯಾದರು. ಹಡಗಿನ ಮೇಲಿನ ವಾಸವೇ ಪ್ರವಾಸವಾಯಿತು. ೨೦೨೪ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ ಸುಮಾರು ೩೬೫ ಮೀಟರ್ ಉದ್ದವಿದ್ದು, ೨೦ ಅಂತಸ್ತುಗಳನ್ನು ಹೊಂದಿದೆ. ಅದರಲ್ಲಿ ೭,೬೦೦ ಪ್ರಯಾಣಿಕರವರೆಗೆ ಅವಕಾಶವುಂಟು. ಅವರ ಸೇವೆಗೆ ೨,೩೫೦ ಸಿಬ್ಬಂದಿ. ನಮ್ಮ ಮುಂಬಯಿಯಿಂದ ೨೦೨೧ರ ಸೆಪ್ಟೆಂಬರಿನಲ್ಲಿ ಯಾನ ಆರಂಭಿಸಿದ ‘ಎಂಪ್ರೆಸ್’ ಅಷ್ಟು ದೊಡ್ಡದಲ್ಲ. ಅದು ೧೯೯೦ರಲ್ಲಿ ಫ್ರಾನ್ಸಿನಲ್ಲಿ ನಿರ್ಮಾಣಗೊಂಡದ್ದು, ೨೧೦ ಮೀಟರ್ ಉದ್ದದ್ದು.

ಇನ್ನು ಮೊದಲ ಸಂದೇಹ. ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಪೂಜೆಗೆ ಕೂಡುವುದಕ್ಕೆ ಹಡಗಿನ ಕೋಣೆಯಲ್ಲಿ ಯಾವ ಅಡ್ಡಿಯೂ ಇಲ್ಲ. ದೀಪ, ಊದುಬತ್ತಿ, ಕರ್ಪೂರಗಳನ್ನು ಮಾತ್ರ ಹಚ್ಚಬಾರದು. ಕಡಲಿನ ನಡುವೆ ಬೆಂಕಿಯಷ್ಟು ಭಯಂಕರವಾದ ಶತ್ರು ಮತ್ತೊಂದಿಲ್ಲವಾದ್ದರಿಂದ ಈ ನಿಷೇಧ ಎಲ್ಲ ಧರ್ಮದವರಿಗೂ ಒಂದೇ. ಇಷ್ಟಲಿಂಗವನ್ನು ಅಂಗೈಯಲ್ಲಿ ಕೊಟ್ಟ ಗುರುವು ನಮಗೆ ಗುಡಿಯ ಹಂಗನ್ನು ಉಳಿಸಲಿಲ್ಲ; ಹಾಗಿರುವಾಗ ಆರತಿಯ ಹಂಗಾದರೂ ಏಕೆ? ಅಗ್ಘವಣಿ, ವಿಭೂತಿ, ಏಕಾಗ್ರವಾದ ದೃಷ್ಟಿ ಇವಿಷ್ಟು ಸಾಕು. ಹಡಗಿನಲ್ಲಿ ಸಮುದ್ರದ ನೀರಿನಿಂದಲೇ ಉಪ್ಪನ್ನು ಬೇರ್ಪಡಿಸಿ ಸಿಹಿನೀರನ್ನು ಸಿದ್ಧಪಡಿಸುವ ಯಂತ್ರಗಳಿರುತ್ತವೆ. ಪರದೇಶದ ಬಂದರಿನಲ್ಲಿ ಇಳಿಯುವ ಯಾನವಾದರೆ ಪತ್ರೆ, ಹೂವು, ಹಣ್ಣುಗಳನ್ನು ದಡಕ್ಕೆ ಒಯ್ಯಲು ಅನೇಕ ದೇಶಗಳ ಕಾನೂನು ಒಪ್ಪುವುದಿಲ್ಲವೆಂಬುದು ನೆನಪಿರಲಿ. ಲೋಹದ ಕರಡಿಗೆಯನ್ನು ತಪಾಸಣೆಯವರು ಕೇಳಿದರೆ ಅದು ಏನೆಂಬುದನ್ನು ವಿನಯದಿಂದ ತಿಳಿಸಿದರಾಯಿತು.

ಎರಡನೆಯದು ಊಟದ ಮಾತು. ಹಡಗಿನ ಮೇಲೆ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ರಾತ್ರಿಯ ಊಟ ಇವುಗಳಿಗೆ ಸಾಮಾನ್ಯವಾಗಿ ಬೇರೆ ಹಣ ಕೊಡಬೇಕಿಲ್ಲ. ಟಿಕೆಟ್ಟಿನ ಹಣದಲ್ಲೇ ಸೇರಿರುತ್ತವೆ. ಒಂದು ಕಡೆ ಮೇಜಿಗೆ ತಂದು ಬಡಿಸುವ ಭೋಜನಶಾಲೆ, ಇನ್ನೊಂದು ಕಡೆ ಬೇಕಾದುದನ್ನು ಬೇಕಾದಷ್ಟು ಬಡಿಸಿಕೊಳ್ಳುವ ಬಫೆ. ಮುಂಬಯಿಯ ಯಾನಗಳಲ್ಲಿ ಸಸ್ಯಾಹಾರವೂ ಜೈನ ಊಟವೂ ದೊರೆಯುತ್ತವೆ. ವಿದೇಶೀ ನೌಕೆಗಳಲ್ಲಾದರೆ ಟಿಕೆಟ್ಟು ಕಾದಿರಿಸುವಾಗಲೇ ಸಸ್ಯಾಹಾರವೆಂದು ಬರೆಸಬೇಕು. ಹತ್ತಿದ ಮೇಲೆ ಭೋಜನಶಾಲೆಯ ಮೇಲ್ವಿಚಾರಕರಿಗೆ ಮತ್ತೊಮ್ಮೆ ಹೇಳಬೇಕು. ಬಫೆಯಲ್ಲಿ ಒಬ್ಬರು ಒಂದು ಪಾತ್ರೆಯ ಸೌಟನ್ನು ಮತ್ತೊಂದಕ್ಕೆ ಹಾಕುವ ಸಂಭವವಿರುವುದರಿಂದ, ನೇಮವುಳ್ಳವರಿಗೆ ಬಡಿಸುವ ಭೋಜನಶಾಲೆಯೇ ಲೇಸು. ಮನೆಯಲ್ಲಿ ಮಾಡಿದ ಅಡಿಗೆಯನ್ನು ಒಯ್ಯಲು ಬಹುತೇಕ ನೌಕೆಗಳು ಒಪ್ಪುವುದಿಲ್ಲ. ಲಿಂಗವಂತರ ಕೈಯಡಿಗೆಯ ಹೊರತು ಉಣ್ಣೆನೆಂಬ ವ್ರತವನ್ನು ಹಿಡಿದವರು ಅದನ್ನು ಮುರಿಯಬೇಕಾಗಿಲ್ಲ. ಅಂಥವರು ಮಕ್ಕಳಿಗೆ ಪ್ರೀತಿಯಿಂದ ತಿಳಿಸಿ ಮನೆಯಲ್ಲಿಯೇ ಉಳಿಯುವುದು ಸರಿ. ಅಂಥ ವ್ರತವಿಲ್ಲದವರು ಶುದ್ಧ ಸಸ್ಯಾಹಾರವನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ಪದಾರ್ಥವು ಪ್ರಸಾದವಾಗುವುದು ಅರ್ಪಣೆಯಿಂದ.

ಆದರೆ ಪದಾರ್ಥವು ಪ್ರಸಾದವಾದ ಮೇಲೆ ಅದನ್ನು ಚೆಲ್ಲುವಂತಿಲ್ಲ. ಬಫೆಯ ನಿಜವಾದ ಪರೀಕ್ಷೆ ಇಲ್ಲಿದೆ. ಹಣ ಕೊಟ್ಟಾಗಿದೆ, ಎಲ್ಲವನ್ನೂ ರುಚಿ ನೋಡೋಣ ಎಂಬ ಆಸೆಯಿಂದ ತಟ್ಟೆ ತುಂಬುತ್ತದೆ, ಅರ್ಧ ಉಳಿಯುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿಯವರು ಅದನ್ನು ಮೊದಲಿದ್ದಲ್ಲಿಗೇ ಸುರಿದು ಬರಲು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿದ್ದೇವೆ. ಅಲ್ಲಿ ಕೊರತೆಯಲ್ಲಿದ್ದ ಮನೆ ಹೆಚ್ಚನ್ನು ನಿರಾಕರಿಸಿತು. ಹೇರಳವಾಗಿರುವ ಕಡೆ ಆ ತಾಯಿಯನ್ನು ನೆನೆಯುವುದು ಇನ್ನೂ ಕಷ್ಟ, ಇನ್ನೂ ಅಗತ್ಯ. ತಟ್ಟೆಯಲ್ಲಿ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅರಿಯಬೇಕು. ಅಂತರರಾಷ್ಟ್ರೀಯ ನಿಯಮದಂತೆ ಸಾಮಾನ್ಯ ಸಮುದ್ರ ಪ್ರದೇಶದಲ್ಲಿ ದಡದಿಂದ ೧೨ ನಾಟಿಕಲ್ ಮೈಲಿಗಳ, ಅಂದರೆ ಸುಮಾರು ೨೨ ಕಿಲೋಮೀಟರುಗಳ ಆಚೆ ಅನ್ನದ ಉಳಿಕೆಯನ್ನು ಕಡಲಿಗೆ ಬಿಡಬಹುದು. ಸಣ್ಣಗೆ ಅರೆದರೆ ೩ ನಾಟಿಕಲ್ ಮೈಲಿಗಳಾಚೆಯೇ ಬಿಡಬಹುದು. ಉಳಿಸಿದ ಅನ್ನ ಹೀಗೆ ನೀರು ಪಾಲಾಗುತ್ತದೆ.

ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದ ದಾಸೋಹದಲ್ಲಿ ನಿತ್ಯವೂ ಸುಮಾರು ಹತ್ತು ಸಾವಿರ ಮಕ್ಕಳು ಉಣ್ಣುತ್ತಿದ್ದರು. ಜಗತ್ತಿನ ಅತಿ ದೊಡ್ಡ ನೌಕೆಯ ಒಟ್ಟು ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಕಡೆ ಮುದ್ದೆ, ಅನ್ನ, ಸಾರು. ಇನ್ನೊಂದು ಕಡೆ ಎಣಿಸಲಾರದ ಭಕ್ಷ್ಯಗಳು. ಭಕ್ಷ್ಯಗಳನ್ನು ನಾನು ಹಳಿಯುತ್ತಿಲ್ಲ. ತೃಪ್ತಿಯು ಭಕ್ಷ್ಯಗಳ ಸಂಖ್ಯೆಯನ್ನು ಅವಲಂಬಿಸಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಬಡಿಸುವವರ ಕಡೆಗೂ ನಮ್ಮ ಗಮನ ಹರಿಯಬೇಕು. ಮಂಗಳೂರು, ಗೋವಾ ಕಡೆಯ ಅನೇಕ ಯುವಕರು ಇಂಥ ನೌಕೆಗಳಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುತ್ತಾರೆ. ೨೦೧೩ರಲ್ಲಿ ಜಾರಿಗೆ ಬಂದ ನಾವಿಕ ಕಾರ್ಮಿಕ ಒಡಂಬಡಿಕೆಯು ಸಿಬ್ಬಂದಿಗೆ ನಿಗದಿಪಡಿಸಿದ ಕನಿಷ್ಠ ವಿಶ್ರಾಂತಿ ದಿನಕ್ಕೆ ೧೦ ಗಂಟೆ, ವಾರಕ್ಕೆ ೭೭ ಗಂಟೆ. ನಮ್ಮ ವಿರಾಮದ ಹಿಂದೆ ಎಷ್ಟು ದುಡಿಮೆಯಿದೆಯೆಂಬುದನ್ನು ಇದರಿಂದಲೇ ಊಹಿಸಬಹುದು. ೨೦೨೦ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ನೌಕೆಯಲ್ಲಿ ಕೊರೋನಾ ಹಬ್ಬಿ, ೩,೭೧೧ ಜನರಲ್ಲಿ ೭೦೦ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರು ಕೋಣೆಗಳಲ್ಲಿ ಬಂದಿಗಳಾಗಿದ್ದಾಗ ಬಾಗಿಲು ಬಾಗಿಲಿಗೆ ಅನ್ನ ಮುಟ್ಟಿಸಿದವರು ಈ ಸಿಬ್ಬಂದಿಯೇ. ಅವರಲ್ಲಿ ೧೩೨ ಮಂದಿ ಭಾರತೀಯರಿದ್ದರು. ಅದು ಕಾಯಕವಲ್ಲದಿದ್ದರೆ ಕಾಯಕ ಮತ್ತಾವುದು? ಬಡಿಸಿದವರ ಹೆಸರು ಕೇಳಿ ಒಂದು ಒಳ್ಳೆಯ ಮಾತನ್ನಾಡುವುದು ಲಿಂಗವಂತರಿಗೆ ಭೂಷಣ. ದೋಣಿ ನಡೆಸಿದ ಅಂಬಿಗರ ಚೌಡಯ್ಯನವರನ್ನು ಅನುಭವ ಮಂಟಪದಲ್ಲಿ ಕೂಡಿಸಿದ ಪರಂಪರೆ ನಮ್ಮದು.

ಮೂರನೆಯ ಸಂದೇಹವೇ ಮುಖ್ಯವಾದುದು. ಹಡಗಿನಲ್ಲಿ ದಿನದ ಕಾರ್ಯಕ್ರಮಗಳ ಪಟ್ಟಿಯೊಂದನ್ನು ಕೊಡುತ್ತಾರೆ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಈಜು, ಆಟ, ಸಂಗೀತ, ರಾತ್ರಿ ನಾಟಕ, ಹೀಗೆ ಗಂಟೆಗೊಂದು. ಒಂದನ್ನೂ ಬಿಡಬಾರದೆಂದು ಓಡಾಡಿದವರು ಮನೆಗೆ ದಣಿದೇ ಮರಳುತ್ತಾರೆ. ಕ್ಯಾಸಿನೋ ಎಂಬ ಜೂಜಿನ ಅಂಗಳವೂ ಉಂಟು. ಅತ್ತ ಹೆಜ್ಜೆ ಹಾಕದಿರುವುದೇ ಕ್ಷೇಮ. ಒಂದೋ ಎರಡೋ ಕಾರ್ಯಕ್ರಮಗಳನ್ನು ನೋಡಿ, ಉಳಿದ ಹೊತ್ತು ಡೆಕ್ಕಿನ ಮೇಲೆ ಕುಳಿತು ನೀರನ್ನು ನೋಡಿ. ದಡ ಕಾಣದ ಕಡಲ ನಡುವೆ ಕುಳಿತಾಗ ಬಯಲು ಎಂಬ ಮಾತಿನ ಅರ್ಥ ತಾನಾಗಿಯೇ ಹೊಳೆದೀತು. ಸುರಕ್ಷತೆಯ ತಾಲೀಮಿಗೆ ಮಾತ್ರ ತಪ್ಪದೆ ಹೋಗಿರಿ. ೨೦೧೨ರ ಜನವರಿಯಲ್ಲಿ ಇಟಲಿಯ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ನೌಕೆ ಬಂಡೆಗೆ ಬಡಿದು ೩೨ ಜನ ಸತ್ತರು; ಹೊಸದಾಗಿ ಹತ್ತಿದವರಲ್ಲಿ ಹಲವರಿಗೆ ತಾಲೀಮು ಇನ್ನೂ ನಡೆದಿರಲಿಲ್ಲ. ೨೦೧೫ರಿಂದ ನೌಕೆ ಹೊರಡುವ ಮುನ್ನ ಅಥವಾ ಹೊರಡುತ್ತಿದ್ದಂತೆಯೇ ಈ ತಾಲೀಮು ನಡೆಯಬೇಕೆಂಬ ನಿಯಮವಿದೆ. ಓಲಾಟಕ್ಕೆ ಅಂಜುವವರು ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕೋಣೆಯನ್ನು ಕೇಳಿ ಪಡೆಯಲಿ.

ತಾಯಿಯವರು ಪತ್ರದ ಕೊನೆಯಲ್ಲಿ ಒಂದು ಮಾತು ಬರೆದಿದ್ದಾರೆ: ಮದುವೆಯಾಗಿ ನಲವತ್ತೆರಡು ವರ್ಷಗಳಾದವು, ಮನೆಯಲ್ಲಿ ಎಲ್ಲರೂ ಉಂಡ ಮೇಲಲ್ಲದೆ ತಾವು ತಟ್ಟೆ ಹಾಕಿಕೊಂಡದ್ದಿಲ್ಲ ಎಂದು. ಅಮ್ಮಾ, ನಿಮ್ಮ ಅಂಜಿಕೆಯ ಬೇರು ಇಲ್ಲಿರುವಂತೆ ಕಾಣುತ್ತದೆ. ಕೈ ಖಾಲಿಯಿದ್ದರೆ ಅಪರಾಧವೆಂದು ನಿಮ್ಮ ಮನಸ್ಸು ಎಣಿಸಿಬಿಟ್ಟಿದೆ. ಕಾಯಕವೆಂದರೆ ದೇಹವನ್ನು ಸವೆಸುತ್ತಲೇ ಇರುವುದಲ್ಲ. ಸೋಮಾರಿತನವು ಕಾಯಕಕ್ಕೆ ವಿರೋಧ, ದುಡಿದವರ ವಿಶ್ರಾಂತಿ ವಿರೋಧವಲ್ಲ. ನೀಡುವವರಿದ್ದರಷ್ಟೇ ದಾಸೋಹವಾಗುವುದಿಲ್ಲ, ಸ್ವೀಕರಿಸುವವರೂ ಬೇಕು. ಇಷ್ಟು ವರ್ಷ ನೀವು ನೀಡಿದಿರಿ. ಈಗ ಮಗ ನೀಡಲು ಬಂದಿದ್ದಾನೆ. ನಿಮಗೆ ಮೇಲೆ ಹೇಳಿದ ವ್ರತವಿಲ್ಲವಾದರೆ ಸಂತೋಷದಿಂದ ಹೋಗಿಬನ್ನಿ. ಮೇಜಿನ ಮುಂದೆ ಎಲ್ಲರೊಡನೆ ಒಟ್ಟಿಗೆ ಕುಳಿತು, ಲಿಂಗಕ್ಕೆ ಅರ್ಪಿಸಿ, ಬಿಸಿಬಿಸಿಯಾಗಿ ಉಣ್ಣಿರಿ. ಮರಳಿ ಬಂದ ಮೇಲೆಯೂ ಮನೆಯಲ್ಲಿ ಈ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿ ಉಳಿಯಲಿ. ಅದನ್ನು ಉಳಿಸುವ ಹೊಣೆ ಮಗನದೂ ಹೌದು, ಸೊಸೆಯದೂ ಹೌದು, ಯಜಮಾನರದೂ ಹೌದು.