ಜಾಲತಾಣದ ಫೀಡ್: ಆಯ್ಕೆಯ ಹಕ್ಕು ಯಾರದು?

ಸಾಮಾಜಿಕ ಜಾಲತಾಣದಲ್ಲಿ ನಮ್ಮ ಕಣ್ಣಿಗೆ ಏನು ಬೀಳಬೇಕೆಂಬುದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಈಗ ತಂತ್ರಜ್ಞರ ಚರ್ಚೆಯಾಗಿಯಷ್ಟೇ ಉಳಿದಿಲ್ಲ. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. 2025ರ ಅಕ್ಟೋಬರ್ 2ರಂದು ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್ ನಗರದ ನ್ಯಾಯಾಲಯವು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳ ಒಡೆತನ ಹೊಂದಿರುವ ಮೆಟಾ ಸಂಸ್ಥೆಗೆ ಒಂದು ಮಹತ್ವದ ಆದೇಶವನ್ನು ನೀಡಿತು. ಬಳಕೆದಾರರ ಅಭಿರುಚಿಯ ಜಾಡು ಹಿಡಿದು ಸಿದ್ಧಪಡಿಸದ ಫೀಡನ್ನು ಆರಿಸಿಕೊಳ್ಳಲು ಸುಲಭವಾದ ದಾರಿಯಿರಬೇಕು. ಒಮ್ಮೆ ಮಾಡಿದ ಆಯ್ಕೆ, ಆ್ಯಪನ್ನು ಮುಚ್ಚಿ ತೆರೆದ ಮಾತ್ರಕ್ಕೆ ಅಳಿಸಿಹೋಗಕೂಡದು ಎಂಬುದು ಅದರ ಸಾರ. ಡಿಜಿಟಲ್ ಹಕ್ಕುಗಳ ಪರವಾಗಿ ದುಡಿಯುವ ಬಿಟ್ಸ್ ಆಫ್ ಫ್ರೀಡಂ ಎಂಬ ಸಂಘಟನೆ ಈ ಮೊಕದ್ದಮೆಯನ್ನು ಹೂಡಿತ್ತು. ತೀರ್ಪನ್ನು ಒಪ್ಪದ ಮೆಟಾ, ಮೇಲ್ಮನವಿ ಸಲ್ಲಿಸುವುದಾಗಿ ಹೇಳಿತು. ದೂರದ ದೇಶದ ಈ ವ್ಯಾಜ್ಯವು ಅಂಗೈಯಲ್ಲಿ ಮೊಬೈಲ್ ಹಿಡಿದ ನಮ್ಮೆಲ್ಲರಿಗೂ ಸಂಬಂಧಿಸಿದ್ದೆಂಬುದನ್ನು ಶರಣ ಬಂಧುಗಳು ಗಮನಿಸಬೇಕು.

ಫೀಡ್ ಎಂಬ ಪದಕ್ಕೆ ಉಣಿಸುವುದು ಎಂದೇ ಅರ್ಥ. ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಉಣ್ಣುವವರನ್ನು 'ಬೇಕೆ, ಸಾಕೆ' ಎಂದು ಕೇಳುತ್ತಾರೆ. ಜಾಲತಾಣದ ಪಂಕ್ತಿಯಲ್ಲಿ ಆ ಪ್ರಶ್ನೆಯೇ ಮರೆಯಾಗಿದೆ. ಮೊದಲು ಹೀಗಿರಲಿಲ್ಲ. ಇನ್‌ಸ್ಟಾಗ್ರಾಂ ಮತ್ತು ಟ್ವಿಟರ್‌ಗಳಲ್ಲಿ ನಾವು ಅನುಸರಿಸುವವರ ಬರಹ, ಚಿತ್ರಗಳು ಬಂದ ಕಾಲದ ಅನುಕ್ರಮದಲ್ಲಿಯೇ ಕಾಣುತ್ತಿದ್ದವು. 2016ರಲ್ಲಿ ಇವೆರಡೂ ಆ ಪದ್ಧತಿಯನ್ನು ಬದಲಿಸಿದವು. ಯಾವುದು ಮೇಲೆ ಬರಬೇಕು, ಯಾವುದು ಕೆಳಗೆ ಸರಿಯಬೇಕು ಎಂಬುದನ್ನು ಆಲ್ಗಾರಿದಂ, ಅಂದರೆ ಗಣಕದ ಲೆಕ್ಕಾಚಾರದ ಸೂತ್ರ, ತೀರ್ಮಾನಿಸತೊಡಗಿತು. ಈಚಿನ ವರ್ಷಗಳಲ್ಲಂತೂ ನಾವು ಎಂದೂ ಅನುಸರಿಸದ ಅಪರಿಚಿತರ ವಿಡಿಯೋಗಳೇ ಫೀಡಿನ ದೊಡ್ಡ ಪಾಲನ್ನು ಆಕ್ರಮಿಸಿವೆ.

ಈ ಬದಲಾವಣೆಯ ಹಿಂದೆ ವ್ಯಾಪಾರದ ಕಾರಣವಿದೆ. ಈ ಸಂಸ್ಥೆಗಳ ಮುಖ್ಯ ಆದಾಯ ಜಾಹೀರಾತು. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತುಗಳನ್ನು ತೋರಿಸಬಹುದು. ಆದುದರಿಂದ ನಮಗೆ ಹಿತವಾದುದನ್ನು ಹುಡುಕುವುದಕ್ಕಿಂತ ನಮ್ಮನ್ನು ಹಿಡಿದಿಡುವುದನ್ನು ಹುಡುಕುವುದೇ ಸೂತ್ರದ ಗುರಿಯಾಗುತ್ತದೆ. ಇದಕ್ಕೆ ಒಂದು ನಿದರ್ಶನ ನೋಡಬಹುದು. 2017ರಿಂದ ಫೇಸ್‌ಬುಕ್, ಕೋಪದ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ, ಕೇವಲ ಮೆಚ್ಚುಗೆಯ ಗುರುತಿಗಿಂತ ಐದು ಪಟ್ಟು ಹೆಚ್ಚಿನ ತೂಕ ನೀಡಿತ್ತೆಂಬ ಸಂಗತಿ 2021ರಲ್ಲಿ ಬಯಲಿಗೆ ಬಂದ ಒಳದಾಖಲೆಗಳಿಂದ ತಿಳಿಯಿತು. ಈ ದಾಖಲೆಗಳನ್ನು ಹೊರಗೆಡಹಿದವರು ಅಲ್ಲಿಯೇ ಉದ್ಯೋಗದಲ್ಲಿದ್ದ ಫ್ರಾನ್ಸಿಸ್ ಹಾಗನ್. ಕೋಪವನ್ನು ಕೆರಳಿಸುವ ಬರಹ ಹೆಚ್ಚು ಜನರಿಗೆ ತಲುಪುವಂತಾದುದನ್ನು ಸಂಸ್ಥೆಯ ಒಳಗಿನವರೇ ಗುರುತಿಸಿದ್ದರು. ಮುಂದೆ ಆ ತೂಕವನ್ನು ಹಂತಹಂತವಾಗಿ ತಗ್ಗಿಸಿ, 2020ರಲ್ಲಿ ಕೋಪದ ಚಿಹ್ನೆಯ ತೂಕವನ್ನು ಶೂನ್ಯಕ್ಕೆ ಇಳಿಸಲಾಯಿತು. ಕೋಟ್ಯಂತರ ಜನರ ಮನಃಸ್ಥಿತಿಯ ಮೇಲೆ ಪ್ರಭಾವ ಬೀರುವ ಇಂಥ ನಿರ್ಧಾರವೊಂದು ಅವರಾರ ಅರಿವಿಗೂ ಬಾರದಂತೆ ಜಾರಿಯಲ್ಲಿದ್ದುದು ಇಲ್ಲಿ ಗಂಭೀರವಾದ ಸಂಗತಿ.

'ಬೇಡವಾದುದನ್ನು ಬೇಡವೆಂದು ತಿಳಿಸಲು ಗುಂಡಿಗಳಿವೆಯಲ್ಲ' ಎಂದು ಕೆಲವರು ಕೇಳಬಹುದು. ಮೊಜಿಲ್ಲಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ನೀಡಿದ ಮಾಹಿತಿಯ ಪ್ರಕಾರ ಯೂಟ್ಯೂಬಿನಲ್ಲಿ 'ಆಸಕ್ತಿಯಿಲ್ಲ' ಎಂಬ ಗುಂಡಿ ಅಂಥದೇ ಬೇಡದ ಶಿಫಾರಸುಗಳಲ್ಲಿ ತಡೆದದ್ದು ಶೇ. 11ರಷ್ಟನ್ನು ಮಾತ್ರ. 'ಈ ಚಾನೆಲನ್ನು ಶಿಫಾರಸು ಮಾಡಬೇಡಿ' ಎಂಬ ಗುಂಡಿ ಹೆಚ್ಚು ಪರಿಣಾಮಕಾರಿಯಾಗಿದ್ದರೂ ಶೇ. 43ನ್ನು ದಾಟಲಿಲ್ಲ. ಗುಂಡಿ ಇರುವುದು ಬೇರೆ, ಅದಕ್ಕೆ ಬೆಲೆ ಇರುವುದು ಬೇರೆ ಎಂಬುದು ಇದರಿಂದ ಸ್ಪಷ್ಟ.

ಈ ಹಿನ್ನೆಲೆಯಲ್ಲಿಯೇ ಯುರೋಪಿನ ಒಕ್ಕೂಟ ಡಿಜಿಟಲ್ ಸೇವೆಗಳ ಕಾಯಿದೆಯನ್ನು ರೂಪಿಸಿತು. ಒಕ್ಕೂಟದೊಳಗೆ ತಿಂಗಳಿಗೆ 4.5 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ವ್ಯಕ್ತಿಯ ಜಾಡು ಹಿಡಿಯದ ಒಂದಾದರೂ ಶಿಫಾರಸು ವಿಧಾನವನ್ನು ಒದಗಿಸಲೇಬೇಕು ಎಂದು ಅದರ 38ನೆಯ ವಿಧಿ ಹೇಳುತ್ತದೆ. ಶಿಫಾರಸಿನ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕೆಂಬುದು 27ನೆಯ ವಿಧಿ. ಡಚ್ ನ್ಯಾಯಾಲಯದ ಆದೇಶಕ್ಕೆ ಆಧಾರವಾದುದು ಇದೇ ಕಾಯಿದೆ. ಕಾಯಿದೆಯ ಬಲವಿಲ್ಲದೆಯೂ ಕೆಲವು ಪ್ರಯತ್ನಗಳು ನಡೆದಿವೆ. ಬ್ಲೂಸ್ಕೈ ಎಂಬ ಜಾಲತಾಣ 2023ರಿಂದ, ಬೇರೆ ಬೇರೆ ವ್ಯಕ್ತಿಗಳು ಸಿದ್ಧಪಡಿಸಿದ ಫೀಡುಗಳಲ್ಲಿ ತಮಗೆ ಬೇಕಾದುದನ್ನು ಬಳಕೆದಾರರೇ ಆರಿಸಿಕೊಳ್ಳಲು ಅವಕಾಶ ನೀಡಿದೆ. ಮಾಸ್ಟಡಾನ್ ಜಾಲತಾಣ ತನ್ನ ಮುಖ್ಯ ಫೀಡಿನಲ್ಲಿ ಕಾಲಾನುಕ್ರಮವನ್ನೇ ಉಳಿಸಿಕೊಂಡಿದೆ.

ಆದರೆ ಕಾಲಾನುಕ್ರಮಕ್ಕೆ ಮರಳಿದರೆ ಎಲ್ಲ ಕೇಡೂ ನೀಗುವುದೆಂಬ ನಂಬಿಕೆ ಸರಿಯಲ್ಲ. ಅಮೆರಿಕದ 2020ರ ಚುನಾವಣೆಯ ಸಂದರ್ಭದಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರ ಒಂದು ಗುಂಪಿಗೆ ಕಾಲಾನುಕ್ರಮದ ಫೀಡನ್ನು ನೀಡಿ ನಡೆಸಿದ ಅಧ್ಯಯನವು 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಥವರು ಜಾಲತಾಣದಲ್ಲಿ ಕಳೆಯುವ ಸಮಯ ಕಡಿಮೆಯಾಯಿತು. ಫೇಸ್‌ಬುಕ್ಕಿನಲ್ಲಿ ಒರಟು ಮಾತಿನ ಬರಹಗಳು ಕಾಣುವುದೂ ತಗ್ಗಿತು. ಆದರೆ ರಾಜಕೀಯ ವಿಷಯಗಳೂ ವಿಶ್ವಾಸಾರ್ಹವಲ್ಲದ ಮೂಲಗಳ ಬರಹಗಳೂ ಹೆಚ್ಚಾದವು. ಮೂರು ತಿಂಗಳ ಆ ಅವಧಿಯಲ್ಲಿ ಜನರ ರಾಜಕೀಯ ಧ್ರುವೀಕರಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ಇದರಿಂದ ನಾವು ಅರಿಯಬೇಕಾದ ವಿಚಾರ ಒಂದಿದೆ. ಜನರು ಬಯಸುತ್ತಿರುವ ನಿಯಂತ್ರಣ ಮತ್ತು ವೈವಿಧ್ಯ ಎರಡು ಬೇರೆ ಬೇರೆ ಬೇಡಿಕೆಗಳು. ಒಂದು ದೊರೆತರೆ ಇನ್ನೊಂದು ತಾನಾಗಿ ಒದಗುವುದಿಲ್ಲ. ಸಂಪೂರ್ಣ ನಿಯಂತ್ರಣ ಪಡೆದವನು ತನಗೆ ಒಪ್ಪುವ ಮಾತುಗಳನ್ನಷ್ಟೇ ಉಳಿಸಿಕೊಂಡು ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿಕೊಳ್ಳಲೂ ಸಾಧ್ಯ. ಆಗ ಯಂತ್ರ ಕಟ್ಟಿದ ಗೋಡೆಯ ಜಾಗದಲ್ಲಿ ಅವನೇ ಕಟ್ಟಿಕೊಂಡ ಗೋಡೆ ಏಳುತ್ತದೆ. ನಿಯಂತ್ರಣ ಹಕ್ಕಿನ ಮಾತು. ಅದನ್ನು ಕಾನೂನು ಕೊಡಿಸಬಲ್ಲದು. ವೈವಿಧ್ಯ ಅಭ್ಯಾಸದ ಮಾತು. ಅದನ್ನು ನಾವೇ ರೂಢಿಸಿಕೊಳ್ಳಬೇಕು.

ಹಕ್ಕಿನ ವಿಷಯದಲ್ಲಿ ನಮ್ಮ ದೇಶ ಹಿಂದುಳಿದಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲಿ ನೆಲೆಸಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷದೊಳಗಿನವರ ವರ್ತನೆಯ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಇವು ಸ್ವಾಗತಾರ್ಹವಾದರೂ, ಜಾಡು ಹಿಡಿಯದ ಫೀಡನ್ನು ಆರಿಸಿಕೊಳ್ಳುವ ಹಕ್ಕು ಭಾರತದ ವಯಸ್ಕ ಬಳಕೆದಾರನಿಗೆ ಇವುಗಳಿಂದ ದೊರೆತಿಲ್ಲ. ಯುರೋಪಿನವರಿಗೆ ಕೊಡಲು ಸಾಧ್ಯವಾದ ಆಯ್ಕೆ ನಮ್ಮವರಿಗೆ ಕೊಡಲು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ನಮ್ಮ ಸಂಸತ್ ಸದಸ್ಯರ ಮುಂದೆ ಈ ಬೇಡಿಕೆಯನ್ನು ಇಡಬೇಕಾದುದು ಪ್ರಜೆಗಳಾದ ನಮ್ಮ ಕೆಲಸ. ಊರಿನ ಜಾತ್ರೆ, ಸಂಘಸಂಸ್ಥೆಗಳ ಸಭೆ, ಉಚಿತ ಆರೋಗ್ಯ ಶಿಬಿರಗಳ ಪ್ರಕಟಣೆಗಳು ಕಾರ್ಯಕ್ರಮ ಮುಗಿದ ಮರುದಿನ ಫೀಡಿನಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿರುವಾಗ, ಕಾಲಾನುಕ್ರಮದ ಆಯ್ಕೆ ನಮ್ಮ ಸಮುದಾಯ ಜೀವನಕ್ಕೂ ಅಗತ್ಯವಾದುದು.

ಅಲ್ಲಿಯವರೆಗೆ ಇರುವ ಸೌಲಭ್ಯಗಳನ್ನಾದರೂ ಬಳಸಿಕೊಳ್ಳೋಣ. ಇನ್‌ಸ್ಟಾಗ್ರಾಂ 2022ರಲ್ಲಿ ಮರಳಿ ತಂದ 'ಫಾಲೋಯಿಂಗ್' ನೋಟದಲ್ಲಿ ನಾವು ಅನುಸರಿಸುವವರ ಬರಹಗಳು ಕಾಲಾನುಕ್ರಮದಲ್ಲಿ ದೊರೆಯುತ್ತವೆ. ಫೇಸ್‌ಬುಕ್ಕಿನ 'ಫೀಡ್ಸ್' ವಿಭಾಗವೂ ಅಂಥದೇ. ಯೂಟ್ಯೂಬಿನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ, ಅದರ ದಾಖಲೆಯನ್ನು ನಿಲ್ಲಿಸಿದರೆ ಮುಖಪುಟದ ಶಿಫಾರಸುಗಳು ನಿಲ್ಲುತ್ತವೆ. ನಾವು ಚಂದಾದಾರರಾದ ಚಾನೆಲುಗಳನ್ನು ಪ್ರತ್ಯೇಕ ವಿಭಾಗದಲ್ಲಿ ನೋಡಬಹುದು. ಮನೆಯ ಕಿರಿಯರು ಇವನ್ನು ಹಿರಿಯರಿಗೆ ತೋರಿಸಿಕೊಡಲಿ. ಜೊತೆಗೆ, ನಮ್ಮ ಅಭಿಪ್ರಾಯಕ್ಕೆ ಭಿನ್ನವಾಗಿ, ಆದರೆ ಸಭ್ಯವಾಗಿ ಬರೆಯುವ ಒಬ್ಬಿಬ್ಬರನ್ನು ಪ್ರತಿಯೊಬ್ಬರೂ ತಾವಾಗಿಯೇ ಹುಡುಕಿ ಅನುಸರಿಸಲಿ. ಆಯ್ಕೆಯ ಹಕ್ಕನ್ನು ಕೇಳುವ ನಾವು, ಅದು ದೊರೆತಾಗ ಏನನ್ನು ಆರಿಸಿಕೊಳ್ಳುತ್ತೇವೆ ಎಂಬುದಕ್ಕೂ ಹೊಣೆಗಾರರು.